ನಗೆಗೂ ಒಂದೇ ತಕ್ಕಡಿ ಇರಲಿ

ಚುನಾವಣಾ ವೇದಿಕೆಯ ಮೇಲಿಂದ ಆಡಿದ ಮಾತಿಗೆ ಆಕ್ಷೇಪ ಬಂದಾಗಲೆಲ್ಲ ನಮ್ಮ ರಾಜಕಾರಣಿಗಳ ಬಾಯಿಂದ ಹೊರಡುವ ಸಮಜಾಯಿಷಿ ಒಂದೇ: ತಮಾಷೆಗೆ ಹೇಳಿದ್ದು, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಇನ್ನೂ ಜಾಣರಾದವರು ಇದರ ಜೊತೆಗೆ ಇನ್ನೊಂದು ಮಾತನ್ನು ಸೇರಿಸುತ್ತಾರೆ: ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ. ಆಡಿದ್ದು ತಪ್ಪು ಎಂಬ ಒಪ್ಪಿಗೆ ಇದರಲ್ಲಿಲ್ಲ. ನೊಂದುಕೊಂಡವರದೇ ದೌರ್ಬಲ್ಯ ಎಂಬ ಧ್ವನಿ ಮಾತ್ರ ಇದೆ. ಆ ಹೊತ್ತಿಗೆ ಕೆಳಗೆ ಕುಳಿತ ಜನರು ನಕ್ಕಾಗಿರುತ್ತದೆ, ಚಪ್ಪಾಳೆ ತಟ್ಟಿಯಾಗಿರುತ್ತದೆ, ಮೊಬೈಲಿನಲ್ಲಿ ಸೆರೆಯಾದ ಮಾತು ಬಳ್ಳಾರಿಯ ಕೌಲ್ ಬಜಾರಿನಿಂದ ಸಿರುಗುಪ್ಪದ ಹೋಟೆಲುಗಳಿಗೆ, ಕುರುಗೋಡಿನ ಬಸ್ ನಿಲ್ದಾಣಕ್ಕೆ ತಲುಪಿಯೂ ಆಗಿರುತ್ತದೆ.

2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಮಾಜಿ ಗೃಹ ಸಚಿವ ಆರಗ ಜ್ಞಾನೇಂದ್ರ ಅವರು ತೀರ್ಥಹಳ್ಳಿಯ ಪ್ರತಿಭಟನೆಯೊಂದರಲ್ಲಿ ಮಾತನಾಡುತ್ತಾ, ಕಲ್ಯಾಣ ಕರ್ನಾಟಕದ ಕಡೆಯವರು ಮರ ನೆರಳು ಕಾಣದೆ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದಾರೆ ಎಂಬರ್ಥದ ಮಾತಾಡಿದರು. ಉದಾಹರಣೆಗೆ ಮಲ್ಲಿಕಾರ್ಜುನ ಖರ್ಗೆಯವರತ್ತ ಬೆರಳು ತೋರಿದರು. ಅದು ಒಬ್ಬ ವ್ಯಕ್ತಿಯ ಅವಹೇಳನ ಮಾತ್ರವಾಗಿರಲಿಲ್ಲ. ಬಳ್ಳಾರಿಯ ಬಿಸಿಲಲ್ಲಿ ಗಾರೆ ಹೊರುವವನು, ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವಳು, ಕುರುಗೋಡಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಯವರು, ಇವರೆಲ್ಲರ ಮೈಬಣ್ಣವನ್ನೂ ಮಲೆನಾಡಿನ ತಂಪಿನಲ್ಲಿ ನಿಂತು ನಗೆಪಾಟಲಿಗೀಡು ಮಾಡಿದ ಮಾತದು. ಅಂದು ಕಾಂಗ್ರೆಸ್ ಪಕ್ಷ ಕೆರಳಿತು. ಇದು ವರ್ಣಭೇದ, ಇದು ದಲಿತ ನಾಯಕನಿಗೆ ಮಾಡಿದ ಅಪಮಾನ ಎಂದಿತು. ಕೆರಳಿದ್ದು ನ್ಯಾಯವೇ ಆಗಿತ್ತು. ಜ್ಞಾನೇಂದ್ರರು ವಿಷಾದ ವ್ಯಕ್ತಪಡಿಸಿದರು.

ಒಂದು ವರ್ಷ ಮೂರು ತಿಂಗಳು ಕಳೆಯಿತು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ. ಕಾಂಗ್ರೆಸ್ ಸರಕಾರದ ಸಚಿವ ಬಿ.ಝಡ್. ಜಮೀರ್ ಅಹ್ಮದ್ ಖಾನ್ ಅವರು ಪ್ರಚಾರದ ಭರದಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿಯವರನ್ನು ಅವರ ಮೈಬಣ್ಣ ಹಿಡಿದು ಕರೆದರು. ಆಕ್ಷೇಪ ಬಂದಾಗ, ಅದು ಹಿಂದಿನ ಸ್ನೇಹದ ಸಲಿಗೆಯ ಮಾತು, ನಾನು ಅವರನ್ನು ಹಾಗೆ ಕರೆಯುತ್ತಿದ್ದೆ, ಅವರು ನನ್ನನ್ನು ಕುಳ್ಳ ಎನ್ನುತ್ತಿದ್ದರು ಎಂಬ ವಿವರಣೆ ಬಂತು. ಬಳಿಕ ವಿಷಾದವೂ ಬಂತು. ಈಗ ಕೆರಳುವ ಸರದಿ ಬಿಜೆಪಿ ಮತ್ತು ಜೆಡಿಎಸ್‌ನದು. ಹದಿನೈದು ತಿಂಗಳ ಹಿಂದೆ ಬಣ್ಣದ ಮಾತನ್ನು ಬಾಯ್ತಪ್ಪು ಎಂದವರು ಈಗ ಅದನ್ನು ವರ್ಣಭೇದ ಎಂದರು. ಹದಿನೈದು ತಿಂಗಳ ಹಿಂದೆ ವರ್ಣಭೇದ ಎಂದವರು ಈಗ ಸಲಿಗೆಯ ಮಾತು ಎಂದರು. ಬಾಯಿಗಳು ಬದಲಾದವು, ವಾದಗಳು ಅವೇ ಉಳಿದವು.

ಈ ಎರಡನೆಯ ಪ್ರಕರಣ ನಮ್ಮನ್ನು ಹೆಚ್ಚು ನೋಯಿಸಿತು. ಕಾರಣವನ್ನು ಬಳ್ಳಾರಿಯ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. 2020ರ ಜನವರಿ 3ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿ ಬಳ್ಳಾರಿಯಲ್ಲಿ ನಡೆದ ಸಭೆಯಲ್ಲಿ ಅಂದಿನ ನಗರ ಶಾಸಕ ಜಿ. ಸೋಮಶೇಖರ ರೆಡ್ಡಿಯವರು ಮುಸ್ಲಿಮರನ್ನು ಉದ್ದೇಶಿಸಿ, ನಾವು ಇಷ್ಟು ಶೇಕಡಾ ಇದ್ದೇವೆ, ನೀವು ಇಷ್ಟೇ ಶೇಕಡಾ ಇದ್ದೀರಿ, ನಾವು ತಿರುಗಿ ಬಿದ್ದರೆ ನಿಮ್ಮ ಗತಿ ಏನೆಂದು ಯೋಚಿಸಿ ಎಂಬರ್ಥದಲ್ಲಿ ಎಚ್ಚರಿಸಿದರು. ಸಭೆಯಲ್ಲಿ ಹರ್ಷೋದ್ಗಾರವಾಯಿತು. ಆ ಮಾತನ್ನು ಪ್ರತಿಭಟಿಸಲು ಅದೇ ತಿಂಗಳು ಬೆಂಗಳೂರಿನಿಂದ ಬಳ್ಳಾರಿಗೆ ಬಂದವರು ಇದೇ ಜಮೀರ್ ಅಹ್ಮದ್. ಶಾಸಕರ ಮನೆಯ ಮುಂದೆ ಧರಣಿ ಕೂರಲು ಹೊರಟ ಅವರನ್ನು ಪೊಲೀಸರು ವಶಕ್ಕೆ ಪಡೆದರು. ಒಂದು ಸಮುದಾಯದ ಅವಮಾನ ತನ್ನ ಅವಮಾನ ಎಂದು ಬಗೆದು ಮುನ್ನೂರು ಕಿಲೋಮೀಟರ್ ದೂರ ಬಂದ ಮನುಷ್ಯನಿಗೆ, ಇನ್ನೊಬ್ಬನ ಚರ್ಮದ ಬಣ್ಣ ನಗೆಯ ವಸ್ತುವಾಗಬಾರದೆಂದು ನಾಲ್ಕು ವರ್ಷಗಳ ಬಳಿಕ ಹೊಳೆಯದೇ ಹೋಯಿತೇ?

ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ ಹೆಸರು ಅಲ್ ಮುತಫ್ಫಿಫೀನ್. ತಾವು ಅಳೆದುಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಇತರರಿಗೆ ಅಳೆದುಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶ ಕಾದಿದೆ ಎಂಬ ಎಚ್ಚರಿಕೆಯಿಂದ ಆ ಅಧ್ಯಾಯ ಆರಂಭವಾಗುತ್ತದೆ. ನಮ್ಮ ವ್ಯಾಪಾರಿಗಳಿಗೆ ಈ ವಚನ ಚೆನ್ನಾಗಿ ಗೊತ್ತು. ಆದರೆ ತಕ್ಕಡಿ ಅಕ್ಕಿ, ಬೇಳೆ, ಹತ್ತಿಗೆ ಮಾತ್ರ ಸೀಮಿತವೇ? ಮಾನವೂ ತೂಗುವ ವಸ್ತುವೇ. ನಮ್ಮ ಮಾನವನ್ನು ಸೇರಿನಲ್ಲಿ ತುಂಬ ಅಳೆದು ಕೊಡಿ ಎಂದು ಜಗತ್ತನ್ನು ಕೇಳುತ್ತಾ, ಇತರರ ಮಾನವನ್ನು ಅರ್ಧ ಸೇರಿನಲ್ಲಿ ಅಳೆಯುವವನೂ ಮುತಫ್ಫಿಫೇ. ಇಂದಿನ ರಾಜಕೀಯದ ಇಬ್ಬಂದಿತನಕ್ಕೆ ಇದಕ್ಕಿಂತ ಸರಿಯಾದ ಹೆಸರು ನಮಗೆ ತಿಳಿದಿಲ್ಲ.

ಆಳುವವರ ತಕ್ಕಡಿಯಲ್ಲಿ ಮೋಸವಿದೆ ಎಂಬುದರಲ್ಲಿ ಅನುಮಾನ ಬೇಡ. 2020ರ ಅದೇ ಜನವರಿ ತಿಂಗಳನ್ನು ನೋಡಿ. ಬಳ್ಳಾರಿಯಲ್ಲಿ ಬಹಿರಂಗವಾಗಿ ಬೆದರಿಕೆಯ ಮಾತಾಡಿದ ಶಾಸಕರ ಮೇಲೆ ಪ್ರಕರಣವೇನೋ ದಾಖಲಾಯಿತು, ಅವರು ಶಾಸಕರಾಗಿಯೇ ಅವಧಿ ಪೂರೈಸಿದರು. ಅದೇ ತಿಂಗಳಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದರ ಒಂದು ಮಾತು ಪ್ರಧಾನಿಯವರಿಗೆ ಅಗೌರವ ಎಂದು ರಾಜದ್ರೋಹದ ಪ್ರಕರಣ ಹೂಡಲಾಯಿತು. ಶಾಲೆಯ ಒಬ್ಬ ಶಿಕ್ಷಕಿಯನ್ನೂ ನಾಟಕವಾಡಿದ ಮಗುವಿನ ತಾಯಿಯನ್ನೂ ಬಂಧಿಸಲಾಯಿತು. ಎಳೆಯ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ಆ ಇಬ್ಬರು ಮಹಿಳೆಯರು ಜಾಮೀನಿಗಾಗಿ ಸುಮಾರು ಎರಡು ವಾರ ಕಾಯಬೇಕಾಯಿತು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯವರ ಮೇಲಿದ್ದ ಪ್ರಕರಣವನ್ನು ರದ್ದುಗೊಳಿಸಿತು. ಸರಕಾರದ ನೀತಿಗಳ ಟೀಕೆಯಿಂದ ಮಕ್ಕಳನ್ನು ದೂರವಿಡಿ ಎಂಬ ಬುದ್ಧಿಮಾತನ್ನೂ ನ್ಯಾಯಾಲಯ ಹೇಳಿತು. ಆ ಮಾತನ್ನು ಶಾಲೆಗಳು ಪಾಲಿಸಲಿ. ಆದರೆ ನಾಟಕದ ಮಾತಿಗೆ ಜೈಲು, ವೇದಿಕೆಯ ಬೆದರಿಕೆಗೆ ಹಾರ ಎಂಬ ಲೆಕ್ಕ ಯಾವ ಸೀಮೆಯ ನ್ಯಾಯ?

ಹಾಸ್ಯವೇ ವೃತ್ತಿಯಾದವರ ಪಾಡೂ ಇದೇ. ಮುನಾವರ್ ಫಾರೂಕಿ ಎಂಬ ಯುವ ಹಾಸ್ಯ ಕಲಾವಿದನನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿಸಲಾಯಿತು. ಅಂದಿನ ಕಾರ್ಯಕ್ರಮದಲ್ಲಿ ಆತ ಆಡದೇ ಇದ್ದ ನಗೆಮಾತಿಗಾಗಿ ಆತ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಆತನ ಕಾರ್ಯಕ್ರಮವೂ ಶಾಂತಿ ಸುವ್ಯವಸ್ಥೆಯ ಹೆಸರಿನಲ್ಲಿ ರದ್ದಾಯಿತು. ಆತನ ಎಲ್ಲ ಹಾಸ್ಯವೂ ನಮಗೆ ಒಪ್ಪಿಗೆ ಎಂದು ನಾವು ಹೇಳುತ್ತಿಲ್ಲ. ಒಬ್ಬನಿಗೆ ಆಡದ ಮಾತೂ ಅಪರಾಧ, ಇನ್ನೊಬ್ಬನಿಗೆ ಆಡಿದ ಮಾತೂ ತಮಾಷೆ ಎಂಬ ವ್ಯವಸ್ಥೆಯನ್ನು ಪ್ರಶ್ನಿಸುತ್ತಿದ್ದೇವೆ.

ಮುಸ್ಲಿಮರನ್ನೇ ನಗೆಯ ವಸ್ತುವಾಗಿಸುವ ಪ್ರಚಾರವಂತೂ ಈಗ ಒಂದು ಕಲೆಯಾಗಿಯೇ ಬೆಳೆದಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಂಸದ ತೇಜಸ್ವಿ ಸೂರ್ಯ ಅವರು, ಪೌರತ್ವ ಕಾಯ್ದೆಯನ್ನು ವಿರೋಧಿಸುವವರು ಅನಕ್ಷರಸ್ಥರು, ಪಂಚರ್ ಅಂಗಡಿಯವರು ಎಂದು ಹಂಗಿಸಿದರು. ಬಳ್ಳಾರಿ-ಸಿರುಗುಪ್ಪ ರಸ್ತೆಯಲ್ಲಿ ನಡುರಾತ್ರಿ ಲಾರಿಯ ಚಕ್ರ ಕುಳಿತರೆ ಸಂಸದರ ಪಕ್ಷದ ಕಾರ್ಯಕರ್ತನೂ ಹುಡುಕುವುದು ಆ ಪಂಚರ್ ಅಂಗಡಿಯ ದೀಪವನ್ನೇ. ಬೆವರು ಸುರಿಸಿ ಹಲಾಲ್ ಅನ್ನ ತಿನ್ನುವವನ ದುಡಿಮೆ ಬೈಗುಳವಾಗುವುದಾದರೆ, ಅದು ಬೈದವನ ಸಂಸ್ಕಾರಕ್ಕೆ ಹಿಡಿದ ಕನ್ನಡಿ. 2024ರ ಮೇ 4ರಂದು ರಾಜ್ಯ ಬಿಜೆಪಿ ಸಾಮಾಜಿಕ ಜಾಲತಾಣದಲ್ಲಿ ಒಂದು ವ್ಯಂಗ್ಯಚಿತ್ರದ ವೀಡಿಯೊ ಹರಿಯಬಿಟ್ಟಿತು. ಒಂದು ಗೂಡು, ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ಮೊಟ್ಟೆಗಳು. ರಾಹುಲ್ ಗಾಂಧಿಯವರು ತಂದಿಡುವ ಇನ್ನೊಂದು ಮೊಟ್ಟೆಯ ಮೇಲೆ ಮುಸ್ಲಿಮ್ ಎಂದು ಬರೆದಿತ್ತು. ಅದರಿಂದ ಹೊರಬಂದ ಮರಿ ಅನುದಾನವನ್ನೆಲ್ಲ ತಿಂದು ದಪ್ಪನಾಗಿ ಉಳಿದ ಮರಿಗಳನ್ನು ಗೂಡಿನಿಂದ ಹೊರದಬ್ಬುತ್ತದೆ. ಮಕ್ಕಳೂ ನಗುವಂತಹ ಚಿತ್ರ, ನೆರೆಹೊರೆಯವರು ಒಬ್ಬರನ್ನೊಬ್ಬರು ದ್ವೇಷಿಸುವಂತಹ ಅರ್ಥ. ಅದನ್ನು ತೆಗೆದುಹಾಕುವಂತೆ ಚುನಾವಣಾ ಆಯೋಗ ಎಕ್ಸ್ ಸಂಸ್ಥೆಗೆ ಪತ್ರ ಬರೆದದ್ದು ಮೇ 7ರಂದು. ಅಂದು ಬಳ್ಳಾರಿಯೂ ಸೇರಿ ರಾಜ್ಯದ 14 ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿತ್ತು. ಬೆಂಕಿ ಮನೆಯನ್ನು ಸುಟ್ಟ ಮೇಲೆ ಬಾವಿಗೆ ಹಗ್ಗ ಇಳಿಸಿದಂತಾಯಿತು.

ಇಲ್ಲಿಗೆ ಸಂಪಾದಕೀಯವನ್ನು ಮುಗಿಸಿದರೆ ನಮ್ಮ ಓದುಗರಿಗೆ ಸಮಾಧಾನವಾಗಬಹುದು. ಆದರೆ ಸತ್ಯದ ಅರ್ಧ ಭಾಗ ಮಾತ್ರ ಹೇಳಿದಂತಾಗುತ್ತದೆ. ಕೊಳಕು ಮಾತು ಒಂದು ಪಕ್ಷದ ಸೊತ್ತಲ್ಲ. 1999ರಲ್ಲಿ ಬಳ್ಳಾರಿಯ ಲೋಕಸಭಾ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದಾಗ, ಇಬ್ಬರು ಸುಶಿಕ್ಷಿತ ಮಹಿಳೆಯರ ಸ್ಪರ್ಧೆಯನ್ನು ವಿದೇಶಿ ಸೊಸೆ, ಸ್ವದೇಶಿ ಮಗಳು ಎಂಬ ಗೇಲಿಗೆ ಇಳಿಸಲಾಯಿತು. 2018ರಲ್ಲಿ ಬಳ್ಳಾರಿ ಲೋಕಸಭಾ ಉಪಚುನಾವಣೆಯ ಹೊತ್ತಿನಲ್ಲಿ ಗಾಲಿ ಜನಾರ್ದನ ರೆಡ್ಡಿಯವರು ಸಿದ್ದರಾಮಯ್ಯನವರ ಮಗನ ಸಾವನ್ನೇ ದೇವರು ಕೊಟ್ಟ ಶಿಕ್ಷೆ ಎಂಬಂತೆ ಆಡಿದರು. ಮಗನನ್ನು ಕಳೆದುಕೊಂಡ ತಂದೆಯ ಸಂಕಟವನ್ನು ಮತಕ್ಕಾಗಿ ಕೆದಕಿದ ಮಾತದು. ನಿಮ್ಮ ಪಾಪದ ಫಲ ನಿಮ್ಮ ಮಕ್ಕಳಿಗೆ ತಟ್ಟದಿರಲಿ ಎಂಬರ್ಥದಲ್ಲಿ ಸಿದ್ದರಾಮಯ್ಯನವರು ಪ್ರತಿಕ್ರಿಯಿಸಿದ್ದು ನಮಗೆ ನೆನಪಿದೆ. ಅಪರೂಪಕ್ಕೊಮ್ಮೆ ರಾಜಕೀಯದಲ್ಲಿ ಕೇಳಿಬಂದ ಘನತೆಯ ಮಾತು ಅದಾಗಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಧ್ಯಕ್ಷ ಖರ್ಗೆಯವರು ಪ್ರಧಾನಿಯವರನ್ನು ವಿಷದ ಹಾವಿಗೆ ಹೋಲಿಸಿದರು, ಬಳಿಕ ಅದು ವ್ಯಕ್ತಿಯನ್ನಲ್ಲ, ಸಿದ್ಧಾಂತವನ್ನು ಕುರಿತು ಹೇಳಿದ್ದು ಎಂದರು. ಮರುದಿನವೇ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. ಪ್ರಿಯಾಂಕ್ ಖರ್ಗೆಯವರು ಪ್ರಧಾನಿಯವರನ್ನು ನಾಲಾಯಕ್ ಮಗನೆಂದರು. ಯತ್ನಾಳ ಮತ್ತು ಪ್ರಿಯಾಂಕ್ ಇಬ್ಬರಿಗೂ ಆಯೋಗದಿಂದ ನೋಟಿಸು ಬಂತು. ತನ್ನ ನಾಯಕನ ಮಾತಿಗೆ ತಲೆತಗ್ಗಿಸಿದ ಪಕ್ಷ ಇವುಗಳಲ್ಲಿ ಒಂದಾದರೂ ಇದೆಯೇ?

ಹಾಗಾದರೆ ರಾಜಕೀಯದಲ್ಲಿ ನಗುವೇ ಬೇಡವೇ? ಖಂಡಿತ ಬೇಕು. ನಗು ಬಡವನ ಆಯುಧ. ಅವಿಭಜಿತ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂದು ಬರೆಯುತ್ತಿದ್ದ ಬೀಚಿಯವರು ಇಡೀ ಕನ್ನಡ ನಾಡನ್ನು ನಗಿಸಿದವರು. ಆತ್ಮಕಥೆಗೆ ಅವರು ಇಟ್ಟ ಹೆಸರೇ ನನ್ನ ಭಯಾಗ್ರಫಿ. ಇತರರನ್ನು ನಗುವ ಮೊದಲು ತನ್ನನ್ನು ತಾನು ನಕ್ಕ ಹಾಸ್ಯಗಾರನ ಸೀಮೆಯಿದು. 2022ರ ಸೆಪ್ಟೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿಯವರ ಚಿತ್ರವಿದ್ದ ಪೇಸಿಎಂ ಭಿತ್ತಿಪತ್ರಗಳು ಬೆಂಗಳೂರಿನ ಗೋಡೆಗಳಲ್ಲಿ ಕಾಣಿಸಿಕೊಂಡವು. ಶೇ. 40 ಕಮಿಷನ್ ಆರೋಪವನ್ನು ಅದು ಚುಚ್ಚಿ ಹೇಳಿತು. ಆರೋಪಕ್ಕೆ ಉತ್ತರಿಸಬೇಕಾದ ಸರಕಾರ ಭಿತ್ತಿಪತ್ರ ಅಂಟಿಸಿದವರನ್ನು ಹಿಡಿಯಿತು. ಆ ವ್ಯಂಗ್ಯ ಒಬ್ಬರ ಬಣ್ಣವನ್ನೋ ಮನೆತನವನ್ನೋ ಮತವನ್ನೋ ಗೇಲಿ ಮಾಡಿರಲಿಲ್ಲ, ಅಧಿಕಾರವನ್ನು ಪ್ರಶ್ನಿಸಿತ್ತು. ವ್ಯತ್ಯಾಸ ಇಷ್ಟು ಸರಳ: ಮೇಲಿರುವವನು ಮಾಡಿದ ಕೆಲಸವನ್ನು ಕುರಿತು ನಗುವುದು ವಿಡಂಬನೆ. ಕೆಳಗಿರುವವನ ಹುಟ್ಟನ್ನು ಕುರಿತು ನಗುವುದು ಹಿಂಸೆ. ಚುನಾವಣಾ ನೀತಿಸಂಹಿತೆಯೂ ಹೇಳುವುದು ಇದನ್ನೇ. ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆಗಳಿಗೆ ಸೀಮಿತವಾಗಿರಲಿ, ಸಾರ್ವಜನಿಕ ಜೀವನಕ್ಕೆ ಸಂಬಂಧವಿಲ್ಲದ ಖಾಸಗಿ ಸಂಗತಿಗಳನ್ನು ಎಳೆಯದಿರಲಿ, ಜಾತಿ ಮತಗಳ ಭಾವನೆಯನ್ನು ಕೆರಳಿಸದಿರಲಿ ಎಂದು ಅದು ವಿಧಿಸುತ್ತದೆ. ಜನಪ್ರಾತಿನಿಧ್ಯ ಕಾಯ್ದೆಯ 125ನೇ ವಿಧಿಯಂತೆ ಚುನಾವಣೆಯ ಸಂಬಂಧ ವರ್ಗಗಳ ನಡುವೆ ವೈರ ಬಿತ್ತಿದವನಿಗೆ ಮೂರು ವರ್ಷಗಳ ವರೆಗೂ ಸೆರೆವಾಸವಿದೆ. ಕಾನೂನಿಗೆ ಕೊರತೆಯಿಲ್ಲ, ಅದನ್ನು ಸಮನಾಗಿ ಹಿಡಿಯುವ ಕೈಗೆ ಕೊರತೆ.

ಪ್ರವಾದಿ ಮುಹಮ್ಮದ್(ಸ)ರೂ ಸಂಗಾತಿಗಳೊಂದಿಗೆ ವಿನೋದವಾಡುತ್ತಿದ್ದರು, ಆದರೆ ವಿನೋದದಲ್ಲೂ ಸತ್ಯವನ್ನೇ ಆಡುತ್ತಿದ್ದರು. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತ ಒಂದು ಜನವರ್ಗ ಇನ್ನೊಂದನ್ನು ಗೇಲಿ ಮಾಡುವುದನ್ನೂ, ಸ್ತ್ರೀಯರು ಸ್ತ್ರೀಯರನ್ನು ಗೇಲಿ ಮಾಡುವುದನ್ನೂ, ಅಡ್ಡಹೆಸರಿಟ್ಟು ಕರೆಯುವುದನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಗೇಲಿಗೊಳಗಾದವರು ಗೇಲಿ ಮಾಡುವವರಿಗಿಂತ ಉತ್ತಮರಾಗಿರಬಹುದು ಎಂಬುದು ಅದು ಕೊಡುವ ಕಾರಣ. ಹ. ಅಬೂದರ್(ರ) ಒಮ್ಮೆ ಕೋಪದಲ್ಲಿ ಹ. ಬಿಲಾಲ್(ರ)ರನ್ನು ಅವರ ತಾಯಿಯ ಕಪ್ಪು ಬಣ್ಣ ಹಿಡಿದು ಹಂಗಿಸಿದರೆಂದು ಉಲ್ಲೇಖವಿದೆ. ಅಬೂದರ್ ಸಾಮಾನ್ಯರಲ್ಲ, ಆರಂಭದಲ್ಲೇ ಇಸ್ಲಾಮ್ ಸ್ವೀಕರಿಸಿದ ಹಿರಿಯ ಸಂಗಾತಿ. ಆದರೂ ಪ್ರವಾದಿ(ಸ)ಯವರು ಅವರ ಪಕ್ಷ ವಹಿಸಲಿಲ್ಲ, ನಮ್ಮವನೆಂದು ಮುಚ್ಚಿಹಾಕಲಿಲ್ಲ. ನಿಮ್ಮಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂಬರ್ಥದಲ್ಲಿ ಮುಖಕ್ಕೇ ಹೇಳಿದರು. ಅಬೂದರ್(ರ) ಪಶ್ಚಾತ್ತಾಪದಿಂದ ಕುಗ್ಗಿಹೋದರು. ನಮ್ಮ ನಾಯಕರ ಬೆಂಬಲಿಗರು ಈ ಘಟನೆಯನ್ನು ಓದಲಿ. ಚನ್ನಪಟ್ಟಣದ ಆ ಮಾತನ್ನು ನಮ್ಮ ಕೆಲವು ಯುವಕರು ವಾಟ್ಸಾಪ್ ಗುಂಪುಗಳಲ್ಲಿ ನಗೆಯ ಚಿಹ್ನೆಗಳೊಂದಿಗೆ ಹಂಚಿಕೊಂಡರಲ್ಲ, ಅವರ ಕೈಯಲ್ಲಿದ್ದದ್ದು ಯಾವ ಕಾಲದ ತಕ್ಕಡಿ?

ಬಣ್ಣದ ಮಾತು ಬಂದಾಗ ನಮ್ಮ ಮನೆಗಳ ಒಳಗೂ ಇಣುಕಿ ನೋಡೋಣ. ನಮ್ಮ ಮೊಹಲ್ಲಾಗಳಲ್ಲಿ ಕಾಲಾ, ಮೋಟಾ, ಲಂಗಡಾ ಎಂಬುವು ಇಂದಿಗೂ ಕರೆಯುವ ಹೆಸರುಗಳೇ. ಕರೆಯುವವನಿಗೆ ಸಲಿಗೆ, ಓಗೊಡುವವನಿಗೆ ಅಭ್ಯಾಸವಾದ ನೋವು. ಹೆಣ್ಣು ನೋಡಲು ಹೋದವರು ಹುಡುಗಿಯ ದೀನನ್ನೂ ವಿದ್ಯೆಯನ್ನೂ ಕೇಳುವ ಮೊದಲು ಮೈಬಣ್ಣವನ್ನು ಕೇಳುತ್ತಾರೆ. ಕಪ್ಪಗಿರುವ ತಪ್ಪಿಗೆ ವರದಕ್ಷಿಣೆಯ ಮೊತ್ತ ಏರುತ್ತದೆ. ಅರಬನಿಗೆ ಅರಬೇತರನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲ ಎಂಬ ವಿದಾಯ ಭಾಷಣದ ಆಶಯವನ್ನು ಜುಮಾದಲ್ಲಿ ಕೇಳಿ ಬಂದು, ಸಂಜೆ ಸೊಸೆ ಹುಡುಕುವಾಗ ಮರೆಯುವ ಸಮಾಜ, ರಾಜಕಾರಣಿಯ ಬಾಯಿಂದ ಮಾತ್ರ ಸಮಾನತೆ ಬಯಸಿದರೆ ಅದು ಸಿಗುವುದೇ? ವೇದಿಕೆಯ ಮೇಲಿನ ನಾಲಿಗೆ ನಮ್ಮ ಹೊಸಿಲಿನ ಒಳಗೇ ತರಬೇತಾದದ್ದು.

ಈ ನಗೆಯ ಬೆಲೆಯನ್ನು ತೆರುವವರು ಯಾರೆಂಬುದನ್ನೂ ಯೋಚಿಸಬೇಕು. 2024ರ ನವೆಂಬರ್‌ನಲ್ಲಿ ಒಬ್ಬ ನಾಯಕನ ಮೈಬಣ್ಣದ ಬಗ್ಗೆ ರಾಜ್ಯವೆಲ್ಲ ಚರ್ಚಿಸುತ್ತಿದ್ದ ಅದೇ ದಿನಗಳಲ್ಲಿ, ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕೊನೆಯುಸಿರೆಳೆಯತೊಡಗಿದ್ದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತಾಯಂದಿರು ಇಲ್ಲವಾಗಿದ್ದರು. ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಬಿತ್ತು, ಸರಕಾರ ಅದರ ಬಳಕೆಯನ್ನು ತಡೆಯಿತು. ಪಕ್ಕದ ಸಂಡೂರಿನಲ್ಲಿಯೂ ಆಗ ಉಪಚುನಾವಣೆಯಿತ್ತು, ನವೆಂಬರ್ 13ರಂದು ಮತದಾನ. ಆಸ್ಪತ್ರೆಗೆ ಔಷಧ ಯಾರಿಂದ ಬರುತ್ತದೆ, ಅದನ್ನು ಪರೀಕ್ಷಿಸುವವರು ಯಾರು ಎಂಬುದು ಪ್ರಚಾರದ ಪ್ರಶ್ನೆಯಾಗಿರಲಿಲ್ಲ. ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ಕಾಲುವೆಯ ನೀರನ್ನೇ ನಂಬಿದ ಸಿರುಗುಪ್ಪದ ಭತ್ತದ ರೈತ ವಾರಗಟ್ಟಲೆ ನಿದ್ದೆಗೆಟ್ಟ. ಬಳ್ಳಾರಿಯನ್ನು ಜೀನ್ಸ್ ರಾಜಧಾನಿ ಮಾಡುವ, 5,000 ಕೋಟಿ ರೂಪಾಯಿಗಳ ಜವಳಿ ಪಾರ್ಕ್ ಕಟ್ಟುವ ಭರವಸೆಯನ್ನು ರಾಹುಲ್ ಗಾಂಧಿಯವರು 2023ರ ಏಪ್ರಿಲ್‌ನಲ್ಲಿ ಇದೇ ನಗರದಲ್ಲಿ ಕೊಟ್ಟಿದ್ದರು. ಜೀನ್ಸ್ ಹೊಲಿಯುವ ಮನೆಗಳಲ್ಲಿ ಹಗಲಿರುಳು ಮಿಷನ್ ತುಳಿಯುವ ನಮ್ಮ ಅಕ್ಕತಂಗಿಯರಿಗೆ ಆ ಭರವಸೆಯ ಲೆಕ್ಕ ಕೇಳುವ ಹಕ್ಕಿದೆ. ಇವಕ್ಕೆಲ್ಲ ಉತ್ತರ ಕೊಡುವುದು ಕಷ್ಟ. ಎದುರಾಳಿಯ ಬಣ್ಣ, ಹೆಂಡತಿ, ಮಗ, ಮತ ಇವುಗಳ ಮೇಲೆ ನಗೆ ಹಾರಿಸುವುದು ಸುಲಭ. ಉತ್ತರವಿಲ್ಲದ ಕಡೆ ನಗೆಚಾಟಿಕೆ ಹುಟ್ಟುತ್ತದೆ.

ಇದಕ್ಕೆ ಮದ್ದು ನಮ್ಮ ಕೈಯಲ್ಲೂ ಇದೆ. ಮುಂದೆ ಯಾವ ಚುನಾವಣೆಯೇ ಬರಲಿ, ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ನಮ್ಮ ಜಮಾಅತುಗಳೂ ಯುವಕ ಸಂಘಗಳೂ ಮತ ಕೇಳಲು ಬರುವ ಪ್ರತಿ ಅಭ್ಯರ್ಥಿಗೆ, ಅವರು ಯಾವ ಪಕ್ಷದವರೇ ಆಗಲಿ, ಒಂದು ಮಾತನ್ನು ಮೊದಲೇ ಹೇಳಲಿ: ನಮ್ಮ ಓಣಿಯಲ್ಲಿ ನಿಂತು ಇನ್ನೊಬ್ಬರ ಜಾತಿ, ಬಣ್ಣ, ಮನೆಯ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಆಡಿದರೆ ನಾವು ಎದ್ದು ಹೋಗುತ್ತೇವೆ. ನಮ್ಮನ್ನು ಮೆಚ್ಚಿಸಲೆಂದು ಅನ್ಯರನ್ನು ಬೈಯುವವನಿಗೆ ನಮ್ಮ ಚಪ್ಪಾಳೆ ಸಿಗಬಾರದು. ನೀತಿಸಂಹಿತೆಯ ಉಲ್ಲಂಘನೆ ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಯಾವ ನಾಗರಿಕನೂ ಚಿತ್ರ ಸಮೇತ ದೂರಬಹುದು. ನಮ್ಮ ಯುವಕರು ಅದನ್ನು ಬಳಸಲಿ, ಆದರೆ ಎದುರು ಪಕ್ಷದವನು ತಪ್ಪಿದಾಗ ಮಾತ್ರವಲ್ಲ, ತಮ್ಮ ಪಕ್ಷದವನು ತಪ್ಪಿದಾಗಲೂ ಬಳಸಲಿ. ದ್ವೇಷದ ಮಾತಿಗೆ ದೂರಿಗಾಗಿ ಕಾಯದೆ, ಮತ ನೋಡದೆ ತಾನಾಗಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ಆ ಆದೇಶವನ್ನು ಪೊಲೀಸ್ ಠಾಣೆಯಲ್ಲಿ ವಿನಯದಿಂದ, ಆದರೆ ಬಿಡದೆ ನೆನಪಿಸೋಣ.

ಯಾರಾದರೂ ಕೇಳಬಹುದು: ಎಲ್ಲರೂ ನಮ್ಮನ್ನೇ ನಗುತ್ತಿರುವಾಗ ನಾವೇಕೆ ನಮ್ಮ ನಾಲಿಗೆಯನ್ನು ಬಿಗಿಹಿಡಿಯಬೇಕು? ಅನ್ನಿಸಾ ಅಧ್ಯಾಯದ 135ನೇ ಸೂಕ್ತ ನಮ್ಮ ವಿರುದ್ಧ, ನಮ್ಮ ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆನ್ನುತ್ತದೆ. ಅಲ್ ಮಾಇದಾ ಅಧ್ಯಾಯದ 8ನೇ ಸೂಕ್ತ ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂದು ಎಚ್ಚರಿಸುತ್ತದೆ. ಇತರರು ಸರಿಯಾದ ಮೇಲೆ ನಾವು ಸರಿಯಾಗುತ್ತೇವೆ ಎಂಬ ಷರತ್ತು ಈ ಎರಡೂ ಸೂಕ್ತಗಳಲ್ಲಿಲ್ಲ. ಪಂಚರ್ ಅಂಗಡಿಯ ಗೇಲಿಗೆ ನೊಂದವನು ಇನ್ನೊಬ್ಬನ ಬಣ್ಣದ ಗೇಲಿಗೂ ನೊಂದರೆ ಮಾತ್ರ ಅವನ ನೋವಿಗೆ ತೂಕ ಬರುತ್ತದೆ. ಅನ್ಯಾಯವಾಯಿತೆಂದು ನ್ಯಾಯಾಲಯದ ಮುಂದೆ, ಆಯೋಗದ ಮುಂದೆ, ನೆರೆಮನೆಯ ಹಿಂದೂ ಸಹೋದರನ ಮುಂದೆ ನಿಂತು ಹೇಳುವ ಧೈರ್ಯ ಅಂತಹವನಿಗೆ ಮಾತ್ರ ಇರುತ್ತದೆ. ಆಳುವವರ ತಕ್ಕಡಿಯನ್ನು ಸರಿಪಡಿಸಲು ಕಾಲ ಬೇಕಾದೀತು. ನಮ್ಮ ಕೈಯ ತಕ್ಕಡಿಯನ್ನು ಇಂದೇ ಸರಿಪಡಿಸಬಹುದು.